ಫೋಟೋದಲ್ಲಿ ಹಾಕಿದ ಸೈಜ್

ನನ್ನ ಹೊಲಿಗೆ ಮೇಜಿನ ಮೇಲ್ಗಡೆ ಒಂದು ಹಳೆಯ ಫೋನನ್ನು ಕೊಡೆಯ ಕಡ್ಡಿಗೆ ಕಟ್ಟಿ ತೂಗುಹಾಕಿದ್ದೇನೆ. ಅದು ಮಾತಾಡಲಿಕ್ಕಲ್ಲ, ಕಾವಲಿಗೆ. ಒಂದೊಂದು ಪಾರ್ಸೆಲ್ ಕಟ್ಟುವಾಗಲೂ ಅದು ವೀಡಿಯೊ ತೆಗೆಯುತ್ತಿರಬೇಕು. ಫ್ರಾಕಿನ ಎದುರು, ಹಿಂದು, ಒಳಗಿನ ಹೊಲಿಗೆ, ಟ್ಯಾಗು, ಮಡಚಿದ್ದು, ಕವರಿಗೆ ತುಂಬಿದ್ದು, ಅಂಟಿಸಿದ್ದು, ವಿಳಾಸ. ನಡುವೆ ನನ್ನ ಕೈ ಒಮ್ಮೆಯೂ ಚಿತ್ರದಿಂದ ಹೊರಗೆ ಹೋಗಬಾರದು. ಹೋದರೆ ಮತ್ತೆ ಮೊದಲಿನಿಂದ. ಇದನ್ನು ನೋಡಿ ನನ್ನ ತಾಯಿ, ನಾವು ಬ್ಯಾರಿಗಳು ಉಮ್ಮ ಎನ್ನುತ್ತೇವೆ, "ನೀನು ಬಟ್ಟೆ ಮಾರುದಾ, ಕೋರ್ಟಿಗೆ ಸಾಕ್ಷಿ ರೆಡಿ ಮಾಡುದಾ?" ಎಂದು ನಗುತ್ತಾರೆ.

ಪುತ್ತೂರು ಹತ್ತಿರದ ಕುಂಬ್ರ ಜಂಕ್ಷನ್ನಿನಲ್ಲಿ, ಅಂಗಡಿಗಳ ಮಾಳಿಗೆಯ ಒಂದು ಕೋಣೆಯಲ್ಲಿ ನಾನು ಹೆಣ್ಣುಮಕ್ಕಳ ಫ್ರಾಕ್ ಹೊಲಿದು ಆನ್‌ಲೈನಿನಲ್ಲಿ ಮಾರುತ್ತೇನೆ. ಹೀಗೆ ಮಾರುವವರಿಗೆ ಮೊದಲು ಬರುವ ಜ್ಞಾನೋದಯವೆಂದರೆ, ಮುಖ ಕಾಣದ ಕಡೆ ಮನುಷ್ಯನಿಗೆ ನಾಚಿಕೆ ಕಡಿಮೆ. ಬೇರೆ ಯಾರದೋ ಪಾವತಿಯ ಚಿತ್ರ ಕಳಿಸಿ "ಹಣ ಹಾಕಿದ್ದೇನೆ" ಎಂದವರಿದ್ದಾರೆ. ನಾನು ಕಳಿಸಿದ ಹೊಸ ಫ್ರಾಕಿನ ಬದಲು ನೆಲ ಒರೆಸಿದ ಬನಿಯನ್ ವಾಪಸ್ ಬಂದದ್ದುಂಟು. ಮಗಳಿಗೆ ಮದುವೆ ಮನೆಗೆ ಹಾಕಿಸಿ, ಪಾಯಸದ ಕಲೆ ತೊಳೆದು, ಇಸ್ತ್ರಿ ತಿಕ್ಕಿ, "ಬಣ್ಣ ಇಷ್ಟ ಆಗ್ಲಿಲ್ಲ" ಎಂದು ಹಿಂದಕ್ಕೆ ಕಳಿಸಿದ ಒಬ್ಬ ಅಮ್ಮನ ಜತೆ ನಾನು ಫೋನಿನಲ್ಲಿ ಮಾಡಿದ ಜಗಳ ಕೆಳಗಿನ ಬೇಕರಿಯವರಿಗೂ ಕೇಳಿಸಿತ್ತಂತೆ. ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು.

ಹಾಗಾಗಿ ನಾನೂ ಕಲಿತೆ. ಪ್ರತಿ ಫ್ರಾಕಿನ ಅಂಚಿನ ಮಡಿಕೆಯೊಳಗೆ, ಎಡಬದಿಯ ಹೊಲಿಗೆ ಬಂದು ಸೇರುವಲ್ಲಿ, ಹಸಿರು ನೂಲಿನ ಒಂದು ಗಂಟು ಹಾಕುತ್ತೇನೆ. ಗೊತ್ತಿಲ್ಲದವರಿಗೆ ಅದು ನೂಲಿನ ಕಸ. ವಾಪಸ್ ಬಂದ ಬಟ್ಟೆಯಲ್ಲಿ ಮೊದಲು ಆ ಗಂಟು ಹುಡುಕುತ್ತೇನೆ, ಆಮೇಲೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಒಮ್ಮೆ ಹಾಕಿದ ಬಟ್ಟೆ ಎಷ್ಟು ಇಸ್ತ್ರಿ ತಿಕ್ಕಿದರೂ ಸುಳ್ಳು ಹೇಳುವುದಿಲ್ಲ. ಕಂಕುಳ ಬಳಿ ನೂಲು ಸ್ವಲ್ಪ ಸಡಿಲಾಗಿರುತ್ತದೆ. ಸೊಂಟದ ಹಿಂಬದಿಯಲ್ಲಿ, ಮಗು ಕೂತ ಜಾಗದಲ್ಲಿ, ನೆರಿಗೆ ಅಡ್ಡ ಮುರಿದಿರುತ್ತದೆ. ಮೊಣಕಾಲಿನ ಹತ್ತಿರ ಪುಟ್ಟ ಕೈ ಒರೆಸಿದ ಗುರುತಿರುತ್ತದೆ. ಮಕ್ಕಳು ಬಟ್ಟೆಯನ್ನು ಹಾಕುವುದಿಲ್ಲ, ಬಳಸುತ್ತಾರೆ.

ಕಡಬದ ಕಡೆಯ ಆ ಹೆಂಗಸಿನ ಪಾರ್ಸೆಲ್ಲುಗಳು ನನ್ನ ಈ ವಿದ್ಯೆಯನ್ನು ಮೊದಲ ಸಲ ಮಂಡಿಯೂರಿಸಿದವು. ವರ್ಷಕ್ಕೊಂದು ಆರ್ಡರ್, ಮಳೆಗಾಲದ ನಡುವೆ ತುಳುವರ ಆಟಿ ತಿಂಗಳು ಹತ್ತಿರ ಬಂದಾಗ. ಹಣ ಮೊದಲೇ ಹಾಕುತ್ತಿದ್ದರು. ವಯಸ್ಸು, ಎದೆ ಸುತ್ತಳತೆ, ಉದ್ದ ಏನು ಕೇಳಿದರೂ ಒಂದೇ ಉತ್ತರ ಬರೆಯುತ್ತಿದ್ದರು: "ಫೋಟೋದಲ್ಲಿ ಹಾಕಿದ ಸೈಜ್." ಕೆಲವು ದಿನ ಬಿಟ್ಟು ಅದು ವಾಪಸ್ ಬರುತ್ತಿತ್ತು, ಅದಕ್ಕೂ ಒಂದೇ ಕಾರಣ: "ಸಣ್ಣದಾಯಿತು." ಹಸಿರು ಗಂಟು ಇದ್ದಲ್ಲೇ ಇರುತ್ತಿತ್ತು. ಟ್ಯಾಗು ಕಿತ್ತಿರಲಿಲ್ಲ. ಹಾಕದ ಬಟ್ಟೆ ವಾಪಸ್ ತೆಗೆದುಕೊಳ್ಳುತ್ತೇನೆಂದು ನಾನೇ ಬರೆದಿದ್ದೇನೆ, ಹಾಗಾಗಿ ಹಣ ಹಿಂದಿರುಗಿಸುತ್ತಿದ್ದೆ.

ಆದರೆ ಬೆಳಕಿಗೆ ಹಿಡಿದರೆ ಬಟ್ಟೆ ಸರಿ ಇರುತ್ತಿರಲಿಲ್ಲ. ಕಂಕುಳ ನೂಲು ಬಿಗಿಯಾಗಿಯೇ ಇತ್ತು, ಕೂತ ಗುರುತಿಲ್ಲ, ಬೆವರಿನ ವಾಸನೆಯಿಲ್ಲ. ಆದರೂ ಎಡ ತೋಳು ನಡುವಿನಲ್ಲಿ ಮಡಚಿದ ಗೆರೆ ಉಳಿಸಿಕೊಂಡಿತ್ತು. ಕೆಳಗಿನ ಘೇರಿನ ಬಲ ಅಂಚಿನಲ್ಲಿ ಗುಂಡುಸೂಜಿ ಚುಚ್ಚಿದ ಸಣ್ಣ ತೂತು. ಎರಡೂ ತೋಳಿನ ತುದಿಯಲ್ಲಿ ಉರುಟಾದ ಒತ್ತು, ಒಳಗೆ ಬಳೆ ಇಟ್ಟ ಹಾಗೆ. ಊದುಬತ್ತಿಯ ವಾಸನೆ. ಒಮ್ಮೆ ಕಿಸೆಯಲ್ಲಿ ಒಂದು ಅಗುಳು ಅನ್ನ ಒಣಗಿ ಕೂತಿತ್ತು. ಅಂದರೆ ಬಟ್ಟೆ ಬಳಕೆಯಾಗಿದೆ, ಆದರೆ ಯಾರೂ ಅದನ್ನು ಹಾಕಿಲ್ಲ. ಆ ಯೋಚನೆ ಬಂದಾಗ ಹಾಡುಹಗಲಿನಲ್ಲೂ ನಾನು ಎದ್ದು ಲೈಟು ಹಾಕಿದೆ.

ವಾಪಸ್ ಬಂದದ್ದನ್ನು ಹೊಸತೆಂದು ಮಾರುವ ಬುದ್ಧಿ ನನಗಿಲ್ಲ. ಹಾಳು ಮಾಡಲಿಕ್ಕೂ ಮನಸ್ಸು ಬಾರದು. ಆ ಫ್ರಾಕುಗಳನ್ನೆಲ್ಲ ನನ್ನ ಮಗಳಿಗೇ ಹಾಕುತ್ತಿದ್ದೆ. ಪ್ರತಿ ವರ್ಷವೂ ಅವಳಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತಿತ್ತು. ಕೂರದೆ ಏನು! ನನ್ನ ಪುಟದ ಫೋಟೋಗಳಲ್ಲಿ ಫ್ರಾಕ್ ಹಾಕಿ ನಿಲ್ಲುವವಳೇ ಅವಳು. ಫೋಟೋದಲ್ಲಿ ಹಾಕಿದ ಸೈಜ್ ಎಂದರೆ ಅವಳದೇ ಸೈಜ್. ಇಷ್ಟು ಸುಲಭದ ಲೆಕ್ಕ ನನಗೆ ಬಹಳ ಕಾಲ ಹೊಳೆಯಲೇ ಇಲ್ಲ.

ಅವಳ ಫೋಟೋ ಎಂದರೂ ಪೂರ್ತಿ ಫೋಟೋ ಅಲ್ಲ. ಪುಟ ಶುರುಮಾಡುವಾಗಲೇ ಉಮ್ಮ ಒಂದು ಷರತ್ತು ಹಾಕಿದ್ದರು. "ಹೆಣ್ಣುಮಗುವಿನ ಮುಖ ಊರಿಗೆಲ್ಲ ತೋರಿಸ್ಬೇಡ, ಕಣ್ಣು ತಾಗ್ತದೆ." ಗಲ್ಫಿನಲ್ಲಿರುವ ನನ್ನ ಗಂಡನೂ ಅದಕ್ಕೆ ತಲೆಯಾಡಿಸಿದರು. ಹಾಗಾಗಿ ನನ್ನ ಎಲ್ಲ ಚಿತ್ರಗಳೂ ಕುತ್ತಿಗೆಯಿಂದ ಕೆಳಗೆ. ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಘೇರು ಹಿಡಿದು ಅಗಲಿಸಿದ್ದು. ನಮ್ಮ ಕಡೆ ಹೀಗೆ ಮಾರುವ ಹೆಂಗಸರು ಬಹಳ ಮಂದಿ ಮಕ್ಕಳ ಮುಖ ಕತ್ತರಿಸಿಯೇ ಹಾಕುವುದು. ಅದರಲ್ಲಿ ವಿಶೇಷವೇನೂ ಇಲ್ಲವೆಂದೇ ನಾನು ತಿಳಿದಿದ್ದೆ.

ಒಂದು ಸಲ ಆ ಕಡಬದ ಪಾರ್ಸೆಲ್ಲಿನಲ್ಲಿ ಬಂದ ಹಳದಿ ಫ್ರಾಕನ್ನು ಹಾಕಿಸುವಾಗ ಮಗಳು ಕೇಳಿದಳು, "ಉಮ್ಮಾ, ಇದು ಬೆಚ್ಚಗುಂಟು. ಈಗ ಯಾರು ಹಾಕಿದ್ರು?"

"ಯಾರೂ ಇಲ್ಲ. ಪಾರ್ಸೆಲ್ ಗಾಡಿಯಲ್ಲಿ ಬಿಸಿಲಿಗೆ ಬಿದ್ದಿತ್ತು" ಎಂದೆ. ಹೊರಗೆ ಬೆಳಗಿನಿಂದ ಮೋಡ ಮುಸುಕಿತ್ತು.

ಮುಂದಿನ ವಾಪಸಾತಿಗೆ ನಾನು ಪಟ್ಟುಹಿಡಿದೆ. ಎಷ್ಟು ಸಣ್ಣದಾಯಿತು, ಮಗುವಿಗೆ ಹಾಕಿಸಿ ಒಂದು ಫೋಟೋ ಕಳಿಸಿ, ಇಲ್ಲದಿದ್ದರೆ ಹಣ ಇಲ್ಲ ಎಂದು ಬರೆದೆ. ಎರಡು ದಿನ ಸುದ್ದಿಯಿಲ್ಲ. ಆಮೇಲೆ ಒಂದು ಚಿತ್ರ ಬಂತು. ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಖಾಲಿ ಫ್ರಾಕು. ತೋಳಿನ ತುದಿಗಳಲ್ಲಿ ಗಾಜಿನ ಬಳೆ. ಎಡ ತೋಳನ್ನು ಮಡಚಿ ಸೊಂಟಕ್ಕೆ ಚುಚ್ಚಿದ್ದರು. ಬಲಗಡೆ ಘೇರನ್ನು ಎಳೆದು ಅಗಲಿಸಿ ಕುರ್ಚಿಯ ಕೈಗೆ ಸಿಕ್ಕಿಸಿದ್ದರು. ನಾನು ನನ್ನ ಪುಟದ ಫೋಟೋವನ್ನು ತೆರೆದು ಪಕ್ಕದಲ್ಲಿಟ್ಟೆ. ನನ್ನ ಮಗಳು ನಿಂತಂತೆಯೇ ಆ ಬಟ್ಟೆ ಕೂತಿತ್ತು. ಎರಡಕ್ಕೂ ತಲೆ ಇರಲಿಲ್ಲ.

ಹೆದರಿದೆ, ಮತ್ತು ಹೆದರಿದ್ದಕ್ಕೆ ಸಿಟ್ಟು ಬಂತು. ನಮ್ಮಂಥ ಮಾರುವವರದ್ದೊಂದು ವಾಟ್ಸಾಪ್ ಗುಂಪಿದೆ. ಮೋಸ ಮಾಡುವ ಗಿರಾಕಿಯ ಹೆಸರು, ನಂಬರು, ವಿಳಾಸ ಅದರಲ್ಲಿ ಹಾಕಿದರೆ ಆಯಿತು, ಆಮೇಲೆ ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲಿ ಅವರಿಗೆ ಒಂದು ಕರವಸ್ತ್ರವೂ ಯಾರೂ ಕಳಿಸುವುದಿಲ್ಲ. ಬರೆದೂ ಇಟ್ಟೆ. ಕಳಿಸುವ ಮುನ್ನ ಬೆರಳು ನಿಂತಿತು. ಹಾಕದ ಬಟ್ಟೆ ವಾಪಸ್ ಕಳಿಸಿದರು ಎನ್ನುವುದು ಬಿಟ್ಟು ನನ್ನ ಹತ್ತಿರ ಬೇರೆ ಆರೋಪವಿರಲಿಲ್ಲ. ಸಾಕ್ಷಿ ಇಲ್ಲದೆ ಹೆಸರು ಕೆಡಿಸಬಾರದು. ಬಲೆ ಹಾಕಿ ಹಿಡಿಯಬೇಕು.

ಮತ್ತೆ ಆಟಿ ಬಂತು, ಆರ್ಡರೂ ಬಂತು. ನೀಲಿ ಫ್ರಾಕು, ಫೋಟೋದಲ್ಲಿ ಹಾಕಿದ ಸೈಜ್. ನಾನು ಎರಡು ಸೈಜ್ ದೊಡ್ಡದನ್ನು ತೆಗೆದು, ಕೇಳಿದ ಸೈಜಿನ ಟ್ಯಾಗು ಹಾಕಿ ಕಳಿಸಿದೆ. ನನ್ನ ಲೆಕ್ಕ ಸರಳ. ಸುಳ್ಳು ಹೇಳುವವಳು ಸೈಜು ನೋಡುವುದಿಲ್ಲ, ಈ ಸಲವೂ "ಸಣ್ಣದಾಯಿತು" ಎನ್ನುತ್ತಾಳೆ, ಸಿಕ್ಕಿಬೀಳುತ್ತಾಳೆ.

ಪಾರ್ಸೆಲ್ ತಲುಪಿದ ದಿನವೇ ಫೋನು ಬಂತು. ಅಷ್ಟು ವರ್ಷಗಳಲ್ಲಿ ಆ ಹೆಂಗಸಿನ ಸ್ವರ ಕೇಳಿದ್ದು ಅದೇ ಮೊದಲು. ತುಳುವಿನಲ್ಲಿ ಮಾತಾಡಿದರು.

"ಇದು ದೊಡ್ಡದಾಯ್ತಲ್ಲಾ. ಅವಳು ಅಷ್ಟು ಎತ್ತರ ಇಲ್ಲ."

"ನೀವು ಹಾಕಿಸಿ ನೋಡಿದ್ರಾ?"

"ಹಾಕಿಸ್ಲಿಕ್ಕೆ ಎಂತ ಉಂಟು? ಮೊನ್ನೆ ಫೋಟೋದಲ್ಲಿ ನೋಡಿದೆನಲ್ಲ. ಭುಜ ನಿಮ್ಮ ಬಾಗಿಲ ಚಿಲಕದಷ್ಟೇ ಬಂದಿದೆ, ಅದಕ್ಕಿಂತ ಮೇಲೆ ಇಲ್ಲ."

ನಮ್ಮ ಫೋಟೋಗಳನ್ನೆಲ್ಲ ತೆಗೆಯುವುದು ನನ್ನ ಹೊಲಿಗೆ ಕೋಣೆಯ ಬಾಗಿಲ ಎದುರು. ಚಿಲಕವನ್ನು ನಾನೇ ಯಾವತ್ತೂ ಗಮನಿಸಿರಲಿಲ್ಲ. "ಯಾರ ವಿಷಯ ನೀವು ಮಾತಾಡುದು?" ಎಂದು ಕೇಳಿದೆ. ಆ ಕಡೆ ಉಸಿರು ಕೇಳಿಸಿತು, ಮತ್ತೆ ಫೋನು ಕಟ್ಟಾಯಿತು.

ಈಗ ವಿಷಯ ಬಟ್ಟೆಯದಾಗಿ ಉಳಿದಿರಲಿಲ್ಲ. ಎಲ್ಲಿಯೋ ಒಬ್ಬಳು ನನ್ನ ಮಗಳ ಎತ್ತರ ಅಳೆಯುತ್ತಾ ಕೂತಿದ್ದಾಳೆ. ಪೊಲೀಸರಿಗೆ ಹೇಳಲೇ ಎಂದು ಯೋಚಿಸಿದೆ. ಏನೆಂದು ಹೇಳುವುದು? ಕುರ್ಚಿಯ ಮೇಲೆ ಫ್ರಾಕ್ ಇಟ್ಟಿದ್ದಾರೆ ಎಂದೇ? ಉಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ನಡಿ, ಹೋಗಿ ಬರುವ. ನಾನೂ ಬರ್ತೇನೆ. ಮಗು ಶಾಲೆಯಿಂದ ಬರುದರೊಳಗೆ ವಾಪಸ್ ಮುಟ್ಟಬೇಕು" ಎಂದರು.

ಪುತ್ತೂರಿಗೆ ಹೋಗಿ ಕಡಬದ ಬಸ್ಸು ಹಿಡಿದೆವು. ಅಲ್ಲಿಂದ ರಿಕ್ಷಾ. ಮಳೆ ಬಿಟ್ಟು ಹೊಳವಾಗಿತ್ತು. ವಿಳಾಸ ನನಗೆ ಬಾಯಿಪಾಠ, ಅಷ್ಟು ಸಲ ಬರೆದಿದ್ದೇನಲ್ಲ. ಡಾಮರು ರಸ್ತೆಗೆ ತಾಗಿಕೊಂಡೇ ಹೊಸ ತಾರಸಿ ಮನೆ, ಎದುರಿಗೆ ಒಂದು ಸ್ಕೂಟರ್. ದೆವ್ವದ ಮನೆಯ ಲಕ್ಷಣ ಒಂದೂ ಇರಲಿಲ್ಲ. ಬಾಗಿಲು ತೆರೆದವರು ನನಗಿಂತ ಸ್ವಲ್ಪ ದೊಡ್ಡವರು, ಗೇರುಬೀಜದ ಕಾರ್ಖಾನೆಯ ಸಮವಸ್ತ್ರದಲ್ಲಿದ್ದರು, ಕೆಲಸಕ್ಕೆ ಹೊರಟಿದ್ದರೋ ಏನೋ. ನಾನು ಹೆಸರು ಹೇಳುವ ಮೊದಲೇ ಅವರಿಗೆ ಗೊತ್ತಾಯಿತು. ಪೆಚ್ಚಾದ ಮುಖದಲ್ಲೇ ಒಳಗೆ ಕರೆದು ನೀರು ಬೆಲ್ಲ ತಂದಿಟ್ಟರು.

ಆ ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು. ಒಂದರಲ್ಲಿ ಉಮ್ಮ ಕೂತರು, ಒಂದರಲ್ಲಿ ನಾನು. ಆ ಹೆಂಗಸು ನೆಲದ ಮೇಲೆ ಕೂತರು. ಮೂರನೆಯದು, ಆ ಕೆಂಪು ಕುರ್ಚಿ, ಮೂಲೆಯಲ್ಲಿತ್ತು. ನನ್ನ ನೀಲಿ ಫ್ರಾಕು ಅದರ ಮೇಲೆ ಕೂತಿತ್ತು. ತೋಳಿನಲ್ಲಿ ಬಳೆ, ಎದುರಿಗೆ ಬಾಳೆಎಲೆಯಲ್ಲಿ ಅನ್ನ, ಸಾರು. ಫ್ರಾಕಿನ ಅಂಚು ಜಾರಿ ನೆಲ ಮುಟ್ಟಿತ್ತು.

"ನೋಡಿ ತಂಗೀ," ಎಂದರು ಆ ಹೆಂಗಸು, ನಾನೇನೋ ಬಟ್ಟೆ ಸರಿಮಾಡಲಿಕ್ಕೆ ಬಂದವಳೆಂಬಂತೆ, "ಹೀಗೆ ಇದ್ರೆ ನಡೆಯುವಾಗ ಕಾಲಿಗೆ ಸಿಕ್ಕಿ ಬೀಳ್ತಾಳೆ."

ಉಮ್ಮನೇ ಕೇಳಿದರು, "ಮಗು ಯಾವಾಗ ಹೋದ್ದು?"

"ಹೆರಿಗೆಯಲ್ಲೇ. ನನಗೆ ಪ್ರಜ್ಞೆ ಬರುವಾಗ ತಗೊಂಡು ಹೋಗಿ ಆಗಿತ್ತು. ನಾನು ಮುಖ ನೋಡಲಿಲ್ಲ."

ಆಮೇಲೆ ಅವರು ನಿಧಾನಕ್ಕೆ ಹೇಳಿದರು. ಸತ್ತ ಮಕ್ಕಳು ಆ ಲೋಕದಲ್ಲಿ ಹಾಗೇ ನಿಲ್ಲುವುದಿಲ್ಲ, ಅಲ್ಲಿಯೂ ಬೆಳೆಯುತ್ತಾರೆ ಎಂಬುದು ಅವರ ನಂಬಿಕೆ. ಪ್ರಾಯಕ್ಕೆ ಬಂದರೆ ಸತ್ತ ಹುಡುಗನೊಬ್ಬನನ್ನು ಹುಡುಕಿ ಮದುವೆ ಮಾಡಿಸುವುದೂ ಉಂಟು. ಸತ್ತವರಿಗೆ ಆಟಿಯಲ್ಲಿ ಬಡಿಸುವಾಗ ಹೊಸ ಬಟ್ಟೆ ಇಡುತ್ತಾರೆ. ಇಟ್ಟ ಬಟ್ಟೆಯನ್ನು ಆಮೇಲೆ ಮನೆಯ ಮಕ್ಕಳು ಹಾಕಬೇಕು, ಕಪಾಟಿನಲ್ಲಿ ಮುಚ್ಚಿಡಬಾರದು. ಅವರ ಮನೆಯಲ್ಲಿ ಬೇರೆ ಮಕ್ಕಳಾಗಲಿಲ್ಲ. ಮೊದಲ ವರ್ಷ ಪಕ್ಕದ ಮನೆಯ ಮಗುವಿಗೆ ಕೊಟ್ಟರು. ಯಾಕೆಂದು ಗೊತ್ತಾದ ಮೇಲೆ ಆ ಮನೆಯವರು ಅದನ್ನು ಬೇಲಿಯಾಚೆ ಎಸೆದುಬಿಟ್ಟರು.

"ಅದಕ್ಕೆ ನನಗೆ ವಾಪಸ್ ಕಳಿಸಿದ್ದಾ?"

"ಮೊದಲ ಸಲ ನಿಜವಾಗಿ ಎಂತ ಮಾಡುದು ಗೊತ್ತಾಗದೆ ಕಳಿಸಿದ್ದು. ಆಮೇಲೆ ನಿಮ್ಮ ಪೆರ್ನಾಳ್ ಹಬ್ಬದ ಫೋಟೋದಲ್ಲಿ ನೋಡಿದೆ, ಅದೇ ಅಂಗಿ ನಿಮ್ಮ ಮಗು ಹಾಕಿತ್ತು. ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತುಂಟಾ?"

"ಹಾಗಾದ್ರೆ ಹಣ ಯಾಕೆ ವಾಪಸ್ ಕೇಳಿದ್ದು ಅಕ್ಕ?"

"ಹಣ ಬೇಡ, ಬಟ್ಟೆ ಮಾತ್ರ ತಗೊಳ್ಳಿ ಅಂತ ಹೇಳಿದ್ರೆ ನೀವು ಸಂಶಯ ಪಡುದಿಲ್ವಾ?"

ಹಣ ಕೇಳುವವರನ್ನು ನಾನು ಕಳ್ಳರೆಂದು ಬಯ್ಯುತ್ತೇನೆ ನಿಜ, ಹಣ ಬೇಡವೆಂದವರನ್ನು ಮನೆಯೊಳಗೇ ಸೇರಿಸುತ್ತಿರಲಿಲ್ಲ.

ಅವರು ಫೋನು ತೆಗೆದು ನನ್ನ ಕೈಗೆ ಕೊಟ್ಟರು. ನನ್ನ ಪುಟದ ಫೋಟೋಗಳನ್ನೆಲ್ಲ ಸಾಲಾಗಿ ಉಳಿಸಿಟ್ಟಿದ್ದರು. ಬೆರಳು ಸರಿಸಿದೆ. ಸೊಂಟಕ್ಕೆ ಕೈಯಿಟ್ಟ ಪುಟ್ಟ ಮೈ, ಮುಂದಿನದರಲ್ಲಿ ಸ್ವಲ್ಪ ಎತ್ತರ, ಅದರ ಮುಂದಿನದರಲ್ಲಿ ಇನ್ನೂ ಸ್ವಲ್ಪ. ಹಿಂದೆ ನಮ್ಮ ಬಾಗಿಲು, ಆ ಚಿಲಕ. ನಾನೇ ತೆಗೆದ ಚಿತ್ರಗಳು, ನಾನೇ ಹೆತ್ತ ಮಗು. ಆದರೆ ಆ ಫೋನಿನಲ್ಲಿ ಅವಳು ನನ್ನವಳೆಂದು ಹೇಳುವ ಗುರುತು ಎಲ್ಲಿಯೂ ಇರಲಿಲ್ಲ. ಕೊನೆಯ ಚಿತ್ರಕ್ಕೆ ಬರುವಾಗ ನನಗೇ ಸಂಶಯ ಬಂದು ಕುತ್ತಿಗೆಯ ಮಚ್ಚೆ ಹುಡುಕಿದೆ. ಅದನ್ನೂ ಕತ್ತರಿಸಿ ಆಗಿತ್ತು.

"ಇದು ನನ್ನ ಮಗಳು" ಎಂದೆ. ಸ್ವರ ಜೋರಾಯಿತು.

"ಗೊತ್ತುಂಟು ತಂಗೀ. ಮುಖ ಇದ್ದಿದ್ರೆ ನಾನು ಹಾಗೆ ನೋಡ್ತಿರಲಿಲ್ಲ. ಬದುಕಿದ್ರೆ ಇಷ್ಟೇ ಇರ್ತಿದ್ಳು. ಎಷ್ಟು ಬೆಳೆದಿದ್ದಾಳೆ ಅಂತ ನನಗೆ ಬೇರೆ ಹೇಗೆ ಗೊತ್ತಾಗ್ಬೇಕು?" ಎಂದು ಹೇಳಿ, ನನ್ನ ಕೈ ಹಿಡಿದರು. "ಸಿಟ್ಟು ಮಾಡ್ಬೇಡಿ. ಮುಖ ಮಾತ್ರ ಹಾಕ್ಬೇಡಿ."

ನಾನು ಕೈ ಬಿಡಿಸಿಕೊಂಡೆ. ಕನಿಕರ ಇತ್ತು, ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚು ಹೆದರಿಕೆಯಿತ್ತು. ನನ್ನ ಮಗಳು ಶಾಲೆಯಲ್ಲಿ ಕೂತು ಮಗ್ಗಿ ಹೇಳುತ್ತಿರುವಾಗ ಇಲ್ಲಿ ಅವಳ ಅಳತೆಯ ಎದುರು ಸತ್ತವರ ಅನ್ನ ಬಡಿಸಿತ್ತು. "ಇನ್ನು ಆರ್ಡರ್ ಮಾಡ್ಬೇಡಿ" ಎಂದು ಎದ್ದೆ. ಬಾಗಿಲು ದಾಟುವಾಗ ಯಾಕೋ ತಿರುಗಿ, "ಅದನ್ನು ವಾಪಸ್ ಕಳಿಸುದು ಬೇಡ. ಸೊಂಟದಲ್ಲಿ, ಅಂಚಲ್ಲಿ ಮಡಿಕೆ ಹಿಡಿದು ಹೊಲಿದ್ರೆ ಸರಿಯಾಗ್ತದೆ. ಬೆಳೆದ ಹಾಗೆ ಬಿಚ್ಚಬಹುದು" ಎಂದೆ. ಹೊಲಿಯುವವಳ ಬಾಯಿ, ಸುಮ್ಮನಿರುವುದಿಲ್ಲ.

ಬಸ್ಸು ಪುತ್ತೂರು ಹತ್ತಿರ ಬಂದಾಗ ಉಮ್ಮ ಹೇಳಿದರು, "ಕಣ್ಣು ತಾಗ್ಬಾರ್ದು ಅಂತ ಮುಖ ಮುಚ್ಚಿಸಿದ್ದು ನಾನು. ಈಗ ನಾನೇ ಹೇಳ್ತೇನೆ, ಆ ಹೆಂಗಸಿಗೆ ಒಮ್ಮೆ ಮುಖ ತೋರಿಸು."

"ಅವರು ಬೇಡ ಅಂತ ಹೇಳಿದ್ರಲ್ಲ ಉಮ್ಮಾ."

"ಅದಕ್ಕೇ ತೋರಿಸ್ಬೇಕಾದ್ದು."

ಆ ಸಂಜೆ ಮಗಳನ್ನು ಅದೇ ಬಾಗಿಲ ಎದುರು ನಿಲ್ಲಿಸಿದೆ. ಅಭ್ಯಾಸದಂತೆ ಅವಳು ಎಡಗೈ ಸೊಂಟಕ್ಕಿಟ್ಟಳು. ಅಭ್ಯಾಸದಂತೆ ನನ್ನ ಫೋನೂ ಅವಳ ಕುತ್ತಿಗೆಗೇ ನಿಂತಿತು. ಒಂದು ಕ್ಷಣ ಅದರಲ್ಲಿ ಕಂಡದ್ದು ಆ ಕುರ್ಚಿಯ ಮೇಲಿನ ಬಟ್ಟೆಯೇ. ಫೋನು ಮೇಲೆತ್ತಿದೆ. ಗಲ್ಲ ಬಂತು, ಬಿದ್ದ ಹಲ್ಲಿನ ಜಾಗ ಬಂತು, ಅವಳಪ್ಪನ ಹಾಗೆ ಸ್ವಲ್ಪ ಒತ್ತಿದ ಮೂಗು ಬಂತು, ಕಣ್ಣು ಬಂತು. "ಮುಖ ಬರ್ತದೆ ಉಮ್ಮಾ" ಎಂದು ಎಚ್ಚರಿಸಿದಳು. ಬರಲಿ ಎಂದೆ. ಅವಳು ನಕ್ಕಳು. ಆ ಒಂದು ಚಿತ್ರವನ್ನು ಆ ಹೆಂಗಸಿಗೆ ಕಳಿಸಿದೆ. ಒಂದು ಮಾತೂ ಬರೆಯಲಿಲ್ಲ.

ನೀಲಿ ಟಿಕ್ ಬಿದ್ದು ಅವರು ನೋಡಿದ್ದು ತಿಳಿಯಿತು. ಉತ್ತರ ಬರಲು ತಡವಾಯಿತು. ಅಷ್ಟು ಹೊತ್ತು ನಾನು ಮಗಳನ್ನು ತೊಡೆಯಿಂದ ಇಳಿಸಲಿಲ್ಲ.

"ಚಂದ ಉಂಟು. ನಿಮ್ಮದೇ ಕಣ್ಣು" ಎಂದು ಬಂತು. ಮತ್ತೆ ಸ್ವಲ್ಪ ಬಿಟ್ಟು, "ನನ್ನವಳು ಬೇರೆ."

ಗುಂಪಿಗೆ ಬರೆದಿಟ್ಟದ್ದನ್ನು ಅಳಿಸಿದೆ. ಒಬ್ಬ ತಾಯಿಗೆ ಇದ್ದ ಒಂದೇ ಒಂದು ಮಗುವನ್ನು ಕಿತ್ತುಕೊಂಡೆನೇ ಎಂದು ಬಹಳ ಸಲ ಸಂಕಟಪಟ್ಟಿದ್ದೇನೆ. ಹಾಗೆಂದು ಆ ಚಿತ್ರ ಕಳಿಸಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಎರಡೂ ನಿಜ. ಅವರಿಂದ ಮತ್ತೆ ಆರ್ಡರ್ ಬರಲಿಲ್ಲ. ಬಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮರುವರ್ಷ ಆಟಿ ಮುಗಿಯುವ ಹೊತ್ತಿಗೆ ಕೊರಿಯರಿನವರು ಒಂದು ಕಟ್ಟು ತಂದುಕೊಟ್ಟರು. ಕಳಿಸಿದವರ ವಿಳಾಸ ನೋಡಿ ಮೇಜಿನ ಮೇಲಿಟ್ಟು, ಬೇರೆ ಕೆಲಸವೆಲ್ಲ ಮುಗಿಸಿದೆ. ಕೊನೆಗೆ ತೂಗುಹಾಕಿದ ಫೋನನ್ನು ಚಾಲೂ ಮಾಡಿ ಬಿಚ್ಚಿದೆ. ಆ ನೀಲಿ ಫ್ರಾಕು. ಅಂಚಿನೊಳಗೆ ಹಸಿರು ಗಂಟು ಇತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಸೊಂಟದ ಸುತ್ತ ಮತ್ತು ಅಂಚಿನ ಮೇಲೆ ಸೂಜಿ ಹೋದ ತೂತುಗಳ ಸಾಲು, ಸ್ವಲ್ಪ ಕೆಳಗೆ ಇನ್ನೊಂದು ಸಾಲು, ಅದರ ಕೆಳಗೆ ಮತ್ತೊಂದು. ಮಡಿಕೆ ಹಿಡಿದು ಹೊಲಿದಿದ್ದರು. ವರ್ಷವಿಡೀ ಒಂದೊಂದಾಗಿ ಬಿಚ್ಚುತ್ತಾ ಬಂದಿದ್ದರು. ಈಗ ಬಿಚ್ಚಲಿಕ್ಕೆ ಮಡಿಕೆ ಉಳಿದಿರಲಿಲ್ಲ. ಈ ಒಂದು ವರ್ಷ ಅವರು ನನ್ನ ಪುಟದಲ್ಲಿ ಯಾವ ಫೋಟೋವನ್ನೂ ನೋಡಿರಲಿಲ್ಲ, ನನ್ನ ಪುಟ ಹಿಂಬಾಲಿಸುವವರ ಪಟ್ಟಿಯಿಂದಲೇ ಅವರ ಹೆಸರು ಹೋಗಿತ್ತು. ಯಾರನ್ನು ನೋಡಿ ಅಳತೆ ಹಿಡಿದರೋ ನಾನು ಕೇಳಲಿಲ್ಲ.

ಮಗಳು ಶಾಲೆಯಿಂದ ಬಂದವಳು "ಇದು ನಂಗಾ?" ಎಂದಳು. ಉಮ್ಮನ ಮುಖ ನೋಡಿದೆ. ಅವರು ಮಗುವಿನ ಸಮವಸ್ತ್ರದ ಗುಂಡಿ ಬಿಚ್ಚಲು ಶುರುಮಾಡಿದರು. ಫ್ರಾಕು ಅವಳ ಕಾಲ್ಗಂಟಿನವರೆಗೆ ಇಳಿಯಿತು, ಭುಜ ಜಾರಿತು. ಇನ್ನೊಂದು ವರ್ಷಕ್ಕೆ ಸರಿಹೋದೀತು.

"ಬೆಚ್ಚಗುಂಟಾ?" ಎಂದು ಕೇಳಿದೆ.

"ಇಲ್ಲ," ಎಂದಳು ಮಗಳು. "ತಂಪುಂಟು. ದೊಡ್ಡದುಂಟು. ಯಾರೋ ನನಗಿಂತ ದೊಡ್ಡ ಅಕ್ಕನದ್ದು."

ಕಟ್ಟಿನ ಮೇಲೆ, ವಾಪಸ್ ಕಳಿಸಲು ಕಾರಣ ಬರೆಯುವ ಜಾಗದಲ್ಲಿ, ಎಂದಿನ ಅದೇ ಅಕ್ಷರದಲ್ಲಿ ಎಂದಿನ ಅದೇ ಮಾತಿತ್ತು, ಮುಂದೆ ಒಂದು ಪದ ಮಾತ್ರ ಹೊಸತು. ಅಷ್ಟು ವರ್ಷ ಅದನ್ನು ಓದಿ ಸುಳ್ಳೆಂದು ಹಲ್ಲು ಕಡಿದವಳು ನಾನು. ಈ ಸಲ ಮಾತ್ರ ನಂಬಿದೆ.

"ಅವಳಿಗೆ ಸಣ್ಣದಾಯಿತು."